ಜೋಗಕ್ಕೆ ಹೊರಟ ಗಾಡಿಯ ಟಿಕ್ ಟಿಕ್

ಯಾವಾಗಲೂ ಸದ್ದು ಮಾಡುವ ವಸ್ತುವಿನ ಜೊತೆ ಮನುಷ್ಯ ಹೇಗೋ ಹೊಂದಿಕೊಂಡುಬಿಡುತ್ತಾನೆ. ನಮ್ಮ ಮನೆಯ ಮಿಕ್ಸಿ ಚಟ್ನಿ ರುಬ್ಬಲು ಶುರುಮಾಡಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ, ನಮಗೆ ಏನೂ ಅನ್ನಿಸುವುದಿಲ್ಲ. ನಡುಮನೆಯ ಫ್ಯಾನು ಪ್ರತಿ ಸುತ್ತಿಗೂ ಒಮ್ಮೆ ನರಳುತ್ತದೆ, ಅದರ ಕೆಳಗೇ ಮಲಗಿ ಗೊರಕೆ ಹೊಡೆಯುತ್ತೇವೆ. ತೊಂದರೆ ಇರುವುದು ಮನಸ್ಸು ಬಂದಾಗ ಮಾತ್ರ ಸದ್ದು ಮಾಡುವ ವಸ್ತುವಿನ ಜೊತೆ. ಅದು ಸುಮ್ಮನಿದ್ದಾಗಲೂ ನಮ್ಮನ್ನು ಸುಮ್ಮನಿರಲು ಬಿಡುವುದಿಲ್ಲ. ನನ್ನ ಮೋಟಾರ್ ಸೈಕಲ್ಲು ಈ ಜಾತಿಗೆ ಸೇರಿದ್ದು. ಅದರ ದೆಸೆಯಿಂದ ಸುಮಾರು ದಿನ ನಾನು ಎಲ್ಲಿ ಕೂತರೂ ಒಂದು ಕಿವಿಯನ್ನು ಅದರ ಬಳಿ ಬಿಟ್ಟು ಬಂದವನಂತೆ ಕೂರುತ್ತಿದ್ದೆ.

ನಾನು ದಾವಣಗೆರೆಯ ಒಂದು ದಿನಪತ್ರಿಕೆಯಲ್ಲಿ ಬೇರೆಯವರು ಬರೆದ ಸುದ್ದಿಯನ್ನು ತಿದ್ದುವ ಕೆಲಸ ಮಾಡುತ್ತೇನೆ. ಈ ಕೆಲಸಕ್ಕೆ ತಣ್ಣನೆಯ ತಲೆ ಬೇಕು, ಅದು ನನಗಿದೆ ಎಂದು ಸಂಪಾದಕರೇ ಹೇಳಿದ್ದಾರೆ. ಊರಿಗೆ ಊರೇ ಹೌಹಾರಿದ ದಿನವೂ ನಾನು ಟೀ ಕುಡಿಯುತ್ತ, 'ಅವರೇನಂತಾರೆ, ಇವರೇನಂತಾರೆ' ಎಂದು ಕೇಳಿ, ಇಬ್ಬರ ಮಾತನ್ನೂ ಹಾಕಿ, ಪುಟ ಮುಗಿಸಿ ಮನೆಗೆ ಹೋದವನು. ಇಂಥವನು ಐವತ್ತರ ಹತ್ತಿರ ಬಂದು ಒಂದು ಅಡ್ವೆಂಚರ್ ಬೈಕು ಕೊಂಡದ್ದೇಕೆ ಎಂಬುದಕ್ಕೆ ನನ್ನಲ್ಲಿ ಸಮರ್ಪಕ ಉತ್ತರವಿಲ್ಲ. ಅಂಗಡಿಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಅದರಲ್ಲಿ ಒಬ್ಬ ಗಡ್ಡದವನು ಮೊಳಕಾಲುದ್ದ ನೀರಿನ ಹೊಳೆಯನ್ನು ಇದೇ ಗಾಡಿಯ ಮೇಲೆ ನಿಂತುಕೊಂಡು ದಾಟುತ್ತಿದ್ದ. ನಾನು ಬಹಳ ಹೊತ್ತು ಆ ಚಿತ್ರದ ಮುಂದೆ ನಿಂತೆ. ಆಮೇಲೆ ನಡೆದದ್ದೆಲ್ಲ ಬ್ಯಾಂಕಿನವರಿಗೆ ಗೊತ್ತು.

ಗಾಡಿ ಎತ್ತರ. ಹಿಂದೆ ಎಡಕ್ಕೊಂದು ಬಲಕ್ಕೊಂದು ಅಲ್ಯೂಮಿನಿಯಂ ಪೆಟ್ಟಿಗೆ, ಮುಂದೆ ಕೈಗಳಿಗೆ ಗುರಾಣಿ, ಎಂಜಿನ್ನಿನ ಕೆಳಗೆ ಕಲ್ಲು ತಾಗದಂತೆ ಒಂದು ತಗಡು. ಮನೆಗೆ ತಂದ ದಿನ ನನ್ನ ಅವ್ವ ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು ಅದನ್ನು ಮೇಲಿಂದ ಕೆಳಗೆ ನೋಡಿ, "ಇದೇನೋ ತಮ್ಮಾ, ಹತ್ತಾಕ ಏಣಿನೂ ಕೊಟ್ಟಾರೇನು?" ಅಂದಳು. ಅವ್ವನ ಟೀಕೆಯಲ್ಲಿ ಸತ್ಯಾಂಶವಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಒಂದು ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಇನ್ನೊಂದು ಕಾಲು ಅಂದಾಜಿನ ಮೇಲೆ ಇರುತ್ತದೆ. ಈ ಗಾಡಿ ಪಿ.ಜೆ. ಬಡಾವಣೆಯ ನಮ್ಮ ಮನೆಯಿಂದ ಹೊರಟು ಆಫೀಸಿಗೆ ಹೋಗುತ್ತದೆ, ಆಫೀಸಿನಿಂದ ಮನೆಗೆ ಬರುತ್ತದೆ. ಮಳೆ ಬಂದು ಚರಂಡಿ ಉಕ್ಕಿದ ದಿನ ಬೀದಿ ದಾಟುವುದೇ ಅದರ ಪಾಲಿನ ಹೊಳೆ.

ಕೊಳ್ಳುವಾಗ ನನ್ನ ಹೆಂಡತಿ ಶೈಲಾ ಒಂದೇ ಷರತ್ತು ಹಾಕಿದ್ದಳು. ಅವಳು ಪ್ರಾಥಮಿಕ ಶಾಲೆಯ ಟೀಚರು, ಷರತ್ತುಗಳನ್ನು ಸರಳವಾಗಿ, ಮತ್ತೆ ಅರ್ಥ ಕೇಳಲು ಆಗದಂತೆ ಹೇಳುವುದು ಅವಳ ವೃತ್ತಿ. "ಮಳೆಗಾಲದಾಗ ಜೋಗ ತೋರಿಸ್ಬೇಕು. ಇದರ ಮೇಲೇ ಕರ್ಕೊಂಡು ಹೋಗಿ ತೋರಿಸ್ಬೇಕು." ದಾವಣಗೆರೆಯಲ್ಲಿ ಹುಟ್ಟಿ, ಇಲ್ಲೇ ಮದುವೆಯಾಗಿ, ತರಗತಿಯಲ್ಲಿ ಮಕ್ಕಳಿಗೆ ಜೋಗದ ಪಾಠವನ್ನು ಬಾಯಿಪಾಠವಾಗುವಷ್ಟು ಸಲ ಮಾಡಿರುವ ಅವಳು ಜೋಗವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಎಲ್ಲಿಯೂ ನೋಡಿರಲಿಲ್ಲ. ನಾನು ಆಗಲಿ ಎಂದೆ. ಅವಳು ತನಗೊಂದು ಹೆಲ್ಮೆಟ್ಟನ್ನೂ ಮಳೆ ಅಂಗಿಯನ್ನೂ ತಂದುಕೊಂಡಳು. ಒಂದು ಮಳೆಗಾಲ ಹೋಯಿತು. ಎರಡನೆಯದು ಬಂದು ಹೋಗುವ ಹಾದಿಯಲ್ಲಿತ್ತು. ಹೆಲ್ಮೆಟ್ಟು ಬೀರುವಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು.

ಹೊರಡದಿರಲು ಕಾರಣ ಸೋಮಾರಿತನವಲ್ಲ. ಅತಿಯಾದ ಶ್ರದ್ಧೆ. ಗಾಡಿಯ ಜೊತೆ ಬಂದ ಪುಸ್ತಕವನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಎಂಜಿನ್ ಆಯಿಲ್ಲು, ಗಾಳಿ ಸೋಸುವ ಫಿಲ್ಟರು, ಬ್ರೇಕು, ಚಕ್ರದ ಕಡ್ಡಿ, ಚೈನಿನ ಬಿಗಿ, ಪ್ರತಿಯೊಂದಕ್ಕೂ ಅದರಲ್ಲಿ ಒಂದೊಂದು ಎಚ್ಚರಿಕೆ ಇದೆ. ಸಾಮಾನ್ಯ ಜನ ಅದನ್ನು ಓದುವುದಿಲ್ಲ, ಹಾಗಾಗಿ ಸುಖವಾಗಿ ಊರೂರು ತಿರುಗುತ್ತಾರೆ. ಓದಿದ ನಾನು ಪ್ರತಿ ಭಾನುವಾರ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕುತ್ತೇನೆ. ಮೊದಮೊದಲು ಹಳೆಯ ಬ್ರಷ್ಷು ಬಳಸುತ್ತಿದ್ದೆ. ಒಂದು ಬೆಳಿಗ್ಗೆ ಶೈಲಾ ಬಚ್ಚಲಿನಿಂದ ಬಂದು, "ರೀ, ನನ್ನ ಬ್ರಷ್ಷಿಗೆ ಸೀಮೆಎಣ್ಣೆ ವಾಸನೆ ಯಾಕ ಬರ್ತೈತೆ?" ಎಂದು ಕೇಳಿದ ಮೇಲೆ ಈ ವಿಷಯದಲ್ಲಿ ಸ್ವಲ್ಪ ಎಚ್ಚರ ವಹಿಸಿದ್ದೇನೆ. ಜೋಗಕ್ಕೆ ಹೊರಡಬೇಕೆಂದ ವಾರವೆಲ್ಲ ಒಂದಲ್ಲ ಒಂದು ಸರ್ವಿಸು ಬಾಕಿ ಇದೆ ಎಂದು ನೆನಪಾಗುತ್ತಿತ್ತು. ಸರ್ವಿಸು ಮುಗಿಯುವಷ್ಟರಲ್ಲಿ ರಜೆ ಮುಗಿಯುತ್ತಿತ್ತು.

ಇಷ್ಟರ ಮೇಲೆ ಟಿಕ್ ಶುರುವಾಯಿತು. ನೆಟ್ಟಗಿನ ರಸ್ತೆಯಲ್ಲಿ ಇಲ್ಲ, ನಿಂತಾಗ ಇಲ್ಲ. ತಗ್ಗು ಬಂದರೆ ಟಿಕ್. ಹಂಪು ಹಾರಿದರೆ ಟಿಕ್ ಟಿಕ್. ದಾವಣಗೆರೆಯಲ್ಲಿ ತಗ್ಗಿಗೂ ಹಂಪಿಗೂ ಕೊರತೆಯಿಲ್ಲದ್ದರಿಂದ ಆಫೀಸು ಮುಟ್ಟುವಷ್ಟರಲ್ಲಿ ನನ್ನ ತಲೆಯೇ ಟಿಕ್ ಎನ್ನುತ್ತಿತ್ತು. ಕೆಳಗಿಳಿದು ಹುಡುಕಿದರೆ ಏನೂ ಕಾಣದು. ಹೀಗಿರುವಾಗ ಓಣಿಯ ಹೆಂಗಸರೆಲ್ಲ ಸೇರಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಬರುವ ಭಾನುವಾರ ಜೋಗಕ್ಕೆ ಹೊರಟರು. ಶೈಲಾ ಊಟಕ್ಕೆ ಬಡಿಸುತ್ತ ಹೇಳಿದಳು: "ನನಗೊಂದು ಸೀಟು ಹಿಡಿದಾರೆ. ಶನಿವಾರ ಸಂಜೆ ಒಳಗ ಹೇಳು ಅಂದಾರೆ. ನಿಮ್ಮ ಗಾಡಿ ರೆಡಿ ಆದ್ರೆ ನಿಮ್ಮ ಜೊತಿ ಬರ್ತೀನಿ. ಇಲ್ಲಾಂದ್ರೆ ಅವರ ಜೊತಿ ಹೋಗ್ತೀನಿ. ಸಿಟ್ಟಿಲ್ಲ ಮತ್ತ." ಕೊನೆಯ ಎರಡು ಪದ ಕೇಳಿ ನನಗೆ ಅನ್ನ ಇಳಿಯಲಿಲ್ಲ. ಸಿಟ್ಟು ಬಂದಿದ್ದರೆ ಸಮಾಧಾನ ಮಾಡಬಹುದಿತ್ತು. ಸಿಟ್ಟೇ ಇಲ್ಲ ಎಂದರೆ ಅವಳು ನನ್ನ ಗಾಡಿಯ ಆಸೆಯನ್ನು ಬಿಟ್ಟಳು ಎಂದೇ ಅರ್ಥ.

ಮರುದಿನವೇ ಕೆ.ಬಿ. ಬಡಾವಣೆಯ ಇಮ್ತಿಯಾಜ್ ಭಾಯಿಯ ಗ್ಯಾರೇಜಿಗೆ ಹೋದೆ. ಇಮ್ತಿಯಾಜ್ ಭಾಯಿ ದೊಡ್ಡ ದೇಹದ, ಅದಕ್ಕಿಂತ ದೊಡ್ಡ ಮಾತಿನ ಮನುಷ್ಯ. ಗಾಡಿಯನ್ನು ನೋಡುವ ಮೊದಲೇ ಅದನ್ನು ಹಿಂದೆ ಮುಟ್ಟಿದವರನ್ನು ಬೈಯುತ್ತಾರೆ. ನಾನು ಪತ್ರಕರ್ತನ ಶಿಸ್ತಿನಿಂದ ಪ್ರಶ್ನೆ ಹಾಕಿದೆ: "ಭಾಯಿ, ಟಿಕ್ ಅಂತ ಶಬ್ದ ಬರ್ತಿದೆ. ಚೈನು ಸಡಿಲ ಆಗಿರಬಹುದಾ?"

"ಆಗಿರ್ತೈತೆ ಸಾರ್. ಯಾಕಾಗಿರಲ್ಲ? ಕೂಡ್ರಿ, ಚಾ ಕುಡಿದು ಬರ್ರಿ."

ಕೆಲಸ ಮಾಡುವವರ ತಲೆಯ ಮೇಲೆ ನಿಲ್ಲಬಾರದೆಂದು ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆ. ತಿರುಗಿ ಬಂದಾಗ ಅವರು ಬಿಚ್ಚಿದ್ದ ಪೆಟ್ಟಿಗೆಗಳನ್ನು ಮತ್ತೆ ಕೂಡಿಸುತ್ತಿದ್ದರು. ಚೈನು ವೀಣೆಯ ತಂತಿಯಂತೆ ಬಿಗಿಯಾಗಿತ್ತು. "ಫಸ್ಟ್ ಕ್ಲಾಸ್! ಇನ್ನ ಲಡಾಖ್ ತನಕ ಹೋಗ್ರಿ. ನಿಮ್ಮ ಗಾಡಿಗೆ ಏನಾಗ್ತೈತೆ ಸಾರ್? ಮೇಲಿನವನ ಕಾವಲೇ ಐತೆ" ಎಂದು ಬೀಳ್ಕೊಟ್ಟರು. ಮೊದಲ ಹಂಪಿನಲ್ಲೇ ಟಿಕ್.

ಒಬ್ಬರ ಹೇಳಿಕೆಯ ಮೇಲೆ ನಿಲ್ಲುವುದು ನಮ್ಮ ಕಸುಬಿನಲ್ಲಿ ಸಲ್ಲದು. ಹರಿಹರದಲ್ಲಿ ಕೊಟ್ರೇಶಿ ಅಂತ ಇನ್ನೊಬ್ಬ ಮೆಕ್ಯಾನಿಕ್ ಇದ್ದಾರೆ, ಹೊಳೆಗೆ ಹೋಗುವ ದಾರಿಯಲ್ಲಿ ಅವರ ಶೆಡ್ಡು. ಇಮ್ತಿಯಾಜ್ ಭಾಯಿಗೆ ಹೇಳದೆ ಅಲ್ಲಿಗೆ ಹೋದೆ. ಇಲ್ಲಿಗೆ ಬಂದದ್ದನ್ನು ಇಮ್ತಿಯಾಜ್ ಭಾಯಿಗೆ ಹೇಳಬೇಡಿ ಎಂದು ಕೊಟ್ರೇಶಿಗೂ ಹೇಳಲಿಲ್ಲ, ಏಕೆಂದರೆ ಅವರ ಹೆಸರನ್ನೇ ಎತ್ತಲಿಲ್ಲ. ಆದರೂ ಕೊಟ್ರೇಶಿ ಚೈನಿಗೆ ಒಂದು ಬೆರಳು ತಾಗಿಸಿ ನಕ್ಕರು. "ದಾವಣಗೆರೆಯೋರು ಬಿಗಿದಾರೆ ಇದನ್ನ. ಅವರಿಗೆ ಚೈನು ಅಂದ್ರೂ ಒಂದೇ, ಲುಂಗಿ ಅಂದ್ರೂ ಒಂದೇ. ಬಿಗೀಬೇಕು ಅಷ್ಟೇ."

"ಹಾಗಾದ್ರೆ ಬಿಗಿ ಹೆಚ್ಚಾಗಿ ಹಿಂದಿನ ಬೇರಿಂಗ್ ಹೋಗಿರಬಹುದಾ?" ಎಂದು ಕೇಳಿದೆ.

"ಹೋಗಿದ್ರೂ ಹೋಗಿರಬಹುದು ಅಣ್ಣಾರೆ. ನೋಡೋಣು. ಅಲ್ಲೇ ನೆಳ್ಳಿಗೆ ಕುಂದರ್ರಿ."

ನೆರಳಿನಲ್ಲಿ ಕೂತೆ. ಅವರು ಚಕ್ರ ಬಿಚ್ಚಿ, ಬೇರಿಂಗ್ ಗಟ್ಟಿಯಾಗಿದೆ ಎಂದು ಹೇಳಿ, ಗ್ರೀಸು ಹಚ್ಚಿ, ಚೈನನ್ನು ಜೋಕಾಲಿಯಂತೆ ಸಡಿಲ ಬಿಟ್ಟು ಕೊಟ್ಟರು. ಹೊರಡುವಾಗ ಗಾಡಿಯ ಹಿಂಭಾಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಇದಕ್ಕೆ ದೇವರೇ ಕಾವಲು ಅದಾನೆ, ಹೋಗಿಬರ್ರಿ" ಎಂದರು. ಹರಿಹರದ ಊರು ದಾಟುವ ಮುಂಚೆಯೇ ಟಿಕ್ ಟಿಕ್.

ಆ ವಾರ ನಾನು ದಾವಣಗೆರೆಗೂ ಹರಿಹರಕ್ಕೂ ನಡುವೆ ಲಾಳಿಯಂತೆ ಓಡಾಡಿದೆ. ಅವರು ಬಿಗಿದರು, ಇವರು ಸಡಿಲಿಸಿದರು. ಇವರು ಬ್ರೇಕು ತೊಳೆದರು, ಅವರು ತೊಳೆದದ್ದನ್ನೇ ತೊಳೆದರು. ಕೊನೆಗೆ ಎರಡೂ ಕಡೆಯ ವಾದವನ್ನು ತೂಗಿ ನೋಡಿ, ನಾನೇ ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಚೈನನ್ನು ನಡುಮಧ್ಯಕ್ಕೆ ತಂದಿಟ್ಟೆ. ಪುಟದಲ್ಲಿ ಇದು ಸಮತೋಲನ ಎನಿಸಿಕೊಳ್ಳುತ್ತದೆ. ಗಾಡಿಯಲ್ಲಿ ಹೊಸದಾಗಿ ಕರ್ ಎಂಬ ಇನ್ನೊಂದು ಶಬ್ದ ಬಂತು. ಆಫೀಸಿನಲ್ಲಿ ಯಾರದೋ ಶ್ರದ್ಧಾಂಜಲಿ ಸುದ್ದಿಗೆ 'ಸೂಕ್ತ ಸಮಯದಲ್ಲಿ ಗ್ರೀಸು ಹಾಕದಿದ್ದುದರಿಂದ' ಎಂದು ಬರೆಯಹೋಗಿ ತಡೆದುಕೊಂಡೆ. ಸಹೋದ್ಯೋಗಿಗಳು ನನ್ನ ತಣ್ಣನೆಯ ತಲೆಯನ್ನು ದೂರದಿಂದ ನೋಡತೊಡಗಿದರು.

ಶನಿವಾರ ಮಧ್ಯಾಹ್ನ ಮತ್ತೆ ಹರಿಹರಕ್ಕೆ ಹೊರಟಾಗ ಶೈಲಾ ಶಾಲೆ ಮುಗಿಸಿ ಬಂದಿದ್ದಳು. "ನಾನೂ ಬರ್ತೀನಿ. ಸಂಜೆಗೆ ಅವರಿಗೆ ಹೂಂ ಅನ್ಬೇಕೋ ಊಹೂಂ ಅನ್ಬೇಕೋ ಕಣ್ಣಾರೆ ನೋಡೇ ಹೇಳ್ತೀನಿ" ಎಂದು ಬೀರುವಿನ ಮೇಲಿನ ಹೆಲ್ಮೆಟ್ಟು ಇಳಿಸಿ, ಧೂಳು ಒರೆಸಿ ಹಾಕಿಕೊಂಡಳು. ಹಿಂದಿನ ಸೀಟಿಗೆ ಅವಳು ಹತ್ತಿದ್ದು ಅದೇ ಮೊದಲು. ಕಟ್ಟೆಯ ಮೇಲೆ ನಿಂತು, ನನ್ನ ಹೆಗಲು ಹಿಡಿದು, ಅವಳು ಹತ್ತುವ ರಭಸಕ್ಕೆ ನಾವಿಬ್ಬರೂ ಗಾಡಿಯ ಆಚೆ ಬದಿಗೆ ಇಳಿಯುವವರಿದ್ದೆವು. ಅವ್ವ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡಳು.

ಕೊಟ್ರೇಶಿಯ ಶೆಡ್ಡಿನಲ್ಲಿ ಇಳಿಯುವ ಹೊತ್ತಿಗೆ ನಾನು ಹೊಸ ಪ್ರಶ್ನೆ ಸಿದ್ಧಮಾಡಿಕೊಂಡಿದ್ದೆ. "ಕೊಟ್ರೇಶಿ, ಎಂಜಿನ್ನಿನ ಒಳಗೆ ಟ್ಯಾಪೆಟ್ ಏನಾದ್ರೂ..." ಎನ್ನುವಷ್ಟರಲ್ಲಿ ಶೈಲಾ ತರಗತಿಯಲ್ಲಿ ಮಕ್ಕಳನ್ನು ಕೇಳುವ ಧಾಟಿಯಲ್ಲಿ, "ಟಿಕ್ ಅಂತೈತಲ್ಲ, ಏನ್ರಿ ಅದು?" ಎಂದಳು.

"ಅದಾ ಅಕ್ಕಾರೆ? ತಾಯತ."

"ತಾಯತ?" ನಾವಿಬ್ಬರೂ ಒಟ್ಟಿಗೆ ಕೇಳಿದೆವು.

"ಹೂಂ ಮತ್ತ. ನೀವೇ ಕಟ್ಟೀರಲ್ಲ." ಕೊಟ್ರೇಶಿ ಎಡಗಡೆಯ ಪೆಟ್ಟಿಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಪೆಟ್ಟಿಗೆ ಕೂರುವ ಕಬ್ಬಿಣದ ಕಂಬಿಗೆ ಕರಿದಾರದಲ್ಲಿ ಕಟ್ಟಿದ ಒಂದು ತಾಮ್ರದ ತಾಯತ ತೂಗುತ್ತಿತ್ತು. ಅರಿಶಿನ ಕುಂಕುಮವೂ ಬಿದ್ದಿತ್ತು. ಅವರು ಬೆರಳಿನಿಂದ ಒಮ್ಮೆ ತಳ್ಳಿದರು. ಅದು ಕಂಬಿಗೆ ಬಡಿದು, ನನ್ನ ವಾರವನ್ನೆಲ್ಲ ತಿಂದ ಅದೇ ಟಿಕ್ ಅಂದಿತು.

"ಮೊದಲೇ ಯಾಕೆ ಹೇಳಲಿಲ್ಲ ಮಾರಾಯರೇ?"

"ನೀವು ಕೇಳಿದ್ದು ಬೇರಿಂಗ್ ಹೋಗೈತಾ ಅಂತ. ನೋಡಿದೆ, ಹೋಗಿರಲಿಲ್ಲ, ಹೇಳಿದೆ. ತಾಯತ ಯಾಕ ಕಟ್ಟೀರಿ ಅಂತ ನಾ ಹೆಂಗೆ ಕೇಳ್ಲಿ ಅಣ್ಣಾರೆ? ಅವರವರ ನಂಬಿಕಿ ಅವರವರಿಗೆ. ದೊಡ್ಡೋರು ಅದೀರಿ, ಬಿಚ್ಚು ಅಂದ್ರೂ ನಾ ಬಿಚ್ಚಾಂವಲ್ಲ. ನಾಳೆ ಏನಾರ ಆದ್ರೆ ನನ್ನ ತಲಿಗೆ ಬರ್ತೈತೆ."

ಕೊಟ್ರೇಶಿ ಚೈನನ್ನು ಸರಿಯಾಗಿ ಕೂಡಿಸಿ ಕರ್ ಶಬ್ದ ನಿಲ್ಲಿಸುವಷ್ಟರಲ್ಲಿ ನಾನು ಅಲ್ಲಿಂದಲೇ ಇಮ್ತಿಯಾಜ್ ಭಾಯಿಗೆ ಫೋನು ಮಾಡಿದೆ. ಅವರೂ ಅದನ್ನೇ ಹೇಳಿದರು. "ನೋಡಿದ್ದೆ ಸಾರ್. ನಾನೇ ನಮ್ಮ ಹುಡುಗನ ಗಾಡಿಗೂ ದರ್ಗಾದಿಂದ ತಂದು ಕಟ್ಟೀನಿ. ಹಂಗೆಲ್ಲ ಮುಟ್ಟಬಾರದು ಅಂತ ಅದರ ಸುತ್ತಾ ಒರೆಸಿ ಬಿಟ್ಟೆ." ಚೈನಿನಿಂದ ಹಿಡಿದು ಬ್ರೇಕಿನವರೆಗೆ ಯಾವುದರಲ್ಲೂ ಹೊಂದದ ಇಬ್ಬರು ಒಂದೇ ಒಂದು ವಿಷಯದಲ್ಲಿ ಒಪ್ಪಿದ್ದರು: ಗಾಡಿಗೆ ದೇವರ ಕಾವಲಿದೆ. ನಾನು ಅದೊಂದನ್ನೇ ಮಾತಿನ ಅಲಂಕಾರವೆಂದು ತಿಳಿದು ತೆಗೆದುಹಾಕಿದ್ದೆ. ವರದಿಗಾರರ ಸುದ್ದಿಯ ಕೊನೆಯ ಸಾಲನ್ನು ಹೀಗೆಯೇ ಎಷ್ಟು ವರ್ಷಗಳಿಂದ ತೆಗೆದುಹಾಕುತ್ತಿದ್ದೇನೋ ಎಂದು ನೆನೆದು ಸ್ವಲ್ಪ ಹೊತ್ತು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಶೈಲಾ ಮಾತ್ರ ಆಗಲೇ ಓಣಿಯ ಹೆಂಗಸರಿಗೆ ಫೋನು ಮಾಡಿ, "ನನ್ನ ಸೀಟು ಬೇರೆಯೋರಿಗೆ ಕೊಡ್ರಿ. ನಾವು ಗಾಡಿ ಮ್ಯಾಲೆ ಹೊಂಟೀವಿ" ಎಂದಳು. 'ಗಾಡಿ ಮ್ಯಾಲೆ' ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದಳು.

ಮನೆಗೆ ಬಂದು ಅವ್ವನನ್ನು ಕೇಳಿದರೆ ಅವಳು ತಕ್ಷಣ ಒಪ್ಪಿಕೊಂಡಳು. "ನಾನೇ ಕಟ್ಟೀನಿ. ಕುಕ್ಕುವಾಡಕ್ಕೆ ತವರಿಗೆ ಹೋದಾಗ ಅಲ್ಲಿ ಅಯ್ನೋರ ಹತ್ರ ಮಾಡಿಸಿಕೊಂಡು ಬಂದೆ. ಅಮಾಸಿ ದಿನ ಗಾಡಿ ಪೂಜೆ ಮಾಡಿದ್ನಲ್ಲ, ಆಗ. ಮುಂದೆ ಕಟ್ಟಿದ್ರೆ ಪೇಪರಿನಾಗ ಇರೋನು, ನಾಕು ಮಂದಿ ನಗ್ತಾರೆ ಅಂತ ಬಿಚ್ಚಿ ಒಗೀತಿದ್ದಿ. ಅದಕ್ಕ ಸಂದಿಯಾಗ ಕಟ್ಟಿದೆ." ನನ್ನ ಕೈ ಹೋಗದ ಆ ಸಂದಿಯಲ್ಲಿ ಅವ್ವನ ಸಣ್ಣ ಕೈ ಹೋಗಿತ್ತು. "ನಿನ್ನ ಕಾಲು ನೆಲಕ್ಕೆ ಮುಟ್ಟಂಗಿಲ್ಲ, ನೀ ಹೊರಗೆ ಹೋದಾಗೆಲ್ಲ ನನ್ನ ಜೀವ ನೆಲಕ್ಕೆ ಮುಟ್ಟಂಗಿಲ್ಲ" ಎಂದೂ ಸೇರಿಸಿದಳು. ಬಿಚ್ಚಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿದೆ. ಅವ್ವನೇ ಪರಿಹಾರ ಸೂಚಿಸಿದಳು. ಹಳೆಯ ಸೀರೆಯ ಒಂದು ಚೂರು ಹರಿದು, ತಾಯತಕ್ಕೆ ಕೂಸಿಗೆ ಸುತ್ತಿದಂತೆ ಸುತ್ತಿ, ಅಲ್ಲೇ ಬಿಗಿಯಾಗಿ ಕಟ್ಟಿದಳು. "ಈಗ ಹೋಗಿ ಬರ್ರಿ" ಅಂದಳು.

ಭಾನುವಾರ ಬೆಳಿಗ್ಗೆ ಹೊರಟೆವು. ಮೋಡ ಕವಿದಿತ್ತು, ರಸ್ತೆ ಖಾಲಿ ಇತ್ತು. ಹಂಪು ಬಂತು, ಸದ್ದಿಲ್ಲ. ತಗ್ಗು ಬಂತು, ಸದ್ದಿಲ್ಲ. ಇಷ್ಟು ದಿನ ಯಾವುದಕ್ಕೆ ಹಂಬಲಿಸಿದ್ದೆನೋ ಅದು ಸಿಕ್ಕಿತ್ತು. ಆದರೆ ನನಗೆ ಸೀಟಿನ ಮೇಲೆ ಕೂರಲಾಗಲಿಲ್ಲ. ಇಷ್ಟೊಂದು ನಿಶ್ಶಬ್ದ ಸಹಜವೇ? ಎಂಜಿನ್ನು ಉಸಿರಾಡುತ್ತಿದೆಯೇ? ಹೆಲ್ಮೆಟ್ಟಿನಲ್ಲಿ ನನ್ನ ಕಿವಿಯೇ ಕಟ್ಟಿದೆಯೇ? ಹರಿಹರ ತಲುಪುವ ಮೊದಲೊಮ್ಮೆ ನಿಲ್ಲಿಸಿ ಬಗ್ಗಿ ನೋಡಿದೆ. ತುಂಗಭದ್ರೆಯ ಸೇತುವೆಯ ಹತ್ತಿರ ಇನ್ನೊಮ್ಮೆ ನಿಲ್ಲಿಸಿದೆ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತಂತೆ. ನಾನು ನೋಡಿದ್ದು ಚೈನನ್ನು.

"ಈಗ್ಯಾಕ ನಿಂತ್ರಿ?" ಹಿಂದಿನಿಂದ ಶೈಲಾ ಕೇಳಿದಳು.

"ಶಬ್ದ ಬರ್ತಿಲ್ಲ."

ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಇಳಿಸಿಕೊಂಡಳು.

ಹೊನ್ನಾಳಿಯ ದಾರಿ ಹಿಡಿದ ಮೇಲೆ ಸಣ್ಣಗೆ ಟಿಕ್ ಅಂದಿತು. ಮತ್ತೆ ಟಿಕ್. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹಾಗಾದರೆ ತಾಯತ ಒಂದು ಕಾರಣ ಮಾತ್ರ, ನಿಜವಾದ ದೋಷ ಬೇರೆಯೇ ಇದೆ, ಅದು ಇನ್ನೂ ಇದೆ, ಎಲ್ಲಿಗೂ ಹೋಗಿಲ್ಲ. ಗುರುತಿನ ದೋಷದ ಜೊತೆ ಪ್ರಯಾಣ ಮಾಡುವುದು ಸುಲಭ. ನಾನು ಸದ್ದನ್ನು ಅಧ್ಯಯನ ಮಾಡುತ್ತ ಆರಾಮವಾಗಿ ಓಡಿಸಿದೆ. ವೇಗ ಹೆಚ್ಚಿಸಿದರೆ ಟಿಕ್ ಜೋರಾಗುತ್ತಿತ್ತು, ಇಳಿಸಿದರೆ ಮೆತ್ತಗಾಗುತ್ತಿತ್ತು. ಚಕ್ರ ತಿರುಗಿದಂತೆಲ್ಲ ಹೀಗಾಗಬೇಕಾದರೆ ಹಿಂದಿನ ಬೇರಿಂಗೇ ಸರಿ, ಕೊಟ್ರೇಶಿ ಸರಿಯಾಗಿ ನೋಡಿಲ್ಲ ಎಂದು ಶಿವಮೊಗ್ಗ ದಾಟುವ ಹೊತ್ತಿಗೆ ತೀರ್ಮಾನಕ್ಕೆ ಬಂದೆ. ಎಲ್ಲಿಯೂ ನಿಲ್ಲಿಸಲಿಲ್ಲ. ಅಷ್ಟು ನೆಮ್ಮದಿಯಾಗಿ ನಾನು ಆ ಗಾಡಿಯನ್ನು ಎಂದೂ ಓಡಿಸಿರಲಿಲ್ಲ.

ಸಾಗರದಲ್ಲಿ ತಿಂಡಿಗೆ ಕೂತಾಗ ನನ್ನ ಬೇರಿಂಗ್ ಸಿದ್ಧಾಂತವನ್ನು ಅವಳಿಗೆ ವಿವರಿಸಿದೆ. ಶೈಲಾ ಇಡ್ಲಿ ಮುರಿಯುತ್ತಿದ್ದವಳು ಕೈ ಬಿಟ್ಟು ಬಲಗೈಯ ಬೆರಳನ್ನು ನೀವಿಕೊಂಡಳು. ಉಂಗುರದ ಸುತ್ತ ಕೆಂಪಗಾಗಿತ್ತು.

"ಅದು ಬೇರಿಂಗ್ ಅಲ್ರಿ, ನಾನು. ನೀವು ಅಡಿಗೊಮ್ಮೆ ನಿಂತ್ರೆ ಜೋಗ ಮುಟ್ಟೋದು ಯಾವಾಗ? ಅದಕ್ಕ ಉಂಗುರದಿಂದ ಪೆಟ್ಟಿಗಿ ಬಡಕೋತ ಬಂದೆ."

"ಮತ್ತೆ ಸ್ಪೀಡು ಹೆಚ್ಚಾದಾಗ ಜೋರಾಗ್ತಿತ್ತಲ್ಲ?"

"ಹೆದರಿಕಿ ಆಗ್ತಿತ್ತು, ಜೋರು ಬಡೀತಿದ್ದೆ."

ನಾನು ಇಡ್ಲಿಯ ಕಡೆ ನೋಡಿದೆ. ಪಕ್ಕದ ಮೇಜಿನವರು ನಮ್ಮ ಕಡೆ ನೋಡಿದರು. "ಇಲ್ಲಿಂದ ಮುಂದಕ್ಕೆ ಶಬ್ದ ಇರಂಗಿಲ್ಲ" ಎಂದು ಶೈಲಾ ಖಂಡಿತವಾಗಿ ಹೇಳಿದಳು. ನಾನು ತಲೆಯಾಡಿಸಿದೆ. ಅಲ್ಲಿಂದ ಜೋಗದವರೆಗೆ ಗಾಡಿ ನಿಶ್ಶಬ್ದವಾಗಿ ಹೋಯಿತು, ನಾನು ತುಟಿ ಕಚ್ಚಿಕೊಂಡು ಹೋದೆ.

ಜೋಗದಲ್ಲಿ ದಟ್ಟ ಮಂಜು. ಬಂದವರೆಲ್ಲ ಕಂಬಿಗೆ ಆತುಕೊಂಡು ಬಿಳಿಯ ಶೂನ್ಯವನ್ನು ನೋಡುತ್ತ ನಿಂತಿದ್ದರು. ಗಾಳಿ ಬಂದರೆ ಒಂದು ಕ್ಷಣ ತೆರೆಯುತ್ತದೆ ಎಂದು ಯಾರೋ ಹೇಳಿದರು. ಶೈಲಾ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಮಕ್ಕಳಂತೆ ಓಡಿದಳು. "ಗಾಡಿ ಸರಿಯಾಗಿ ನಿಲ್ಲಿಸಿ ಬಂದೆ, ನೀನು ನಡಿ" ಎಂದೆ. ಸ್ವಲ್ಪ ಹೊತ್ತಿಗೆ ಕಂಬಿಯ ಕಡೆಯಿಂದ ಹೋ ಎಂದು ಕೂಗು ಎದ್ದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೋಗುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತ್ತು. ಶೈಲಾಳ ಮುಖವೆಲ್ಲ ತುಂತುರು. ಆ ಮುಖದಲ್ಲಿ ಅಂಥ ಹೊಳಪನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. "ಎಲ್ಲಿದ್ರಿ ಇಷ್ಟೊತ್ತು? ನಾಲ್ಕೂ ಕಾಣಿಸಿದವು!" ಎಂದು ನನ್ನ ತೋಳು ಹಿಡಿದು ಅಲುಗಿಸಿದಳು. ಆಮೇಲೆ ನನ್ನ ಕೈಯ ಗ್ರೀಸು ಅವಳ ಕಣ್ಣಿಗೆ ಬಿತ್ತು. ನಾನು ಕೈಯನ್ನು ಬೆನ್ನ ಹಿಂದೆ ಸರಿಸಿದೆ.

ಬೇರಿಂಗ್ ಗಟ್ಟಿಯಾಗಿತ್ತು. ಜೋಗವೂ ಬಹಳ ಚೆನ್ನಾಗಿತ್ತಂತೆ.